ಕೆಂಪಿಗೆ ನೀರು, ನೀಲಿಗೆ ಬಿಸಿಲು

ಪಾಮ್ ಗಿಡದ ಬೀಜ ಬೇಕೆಂದರೆ ಕಾಡು ಸುತ್ತಬೇಕಾಗಿಲ್ಲ. ಕಲ್ಯಾಣ ಮಂಟಪದ ಬಾಗಿಲಲ್ಲಿ, ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ, ಬ್ಯಾಂಕು, ಕಚೇರಿಗಳ ಕಾಂಪೌಂಡಿನೊಳಗೆ ಹಳದಿ ದಂಟಿನ ಅರೆಕಾ ಪಾಮ್ ನಿಂತೇ ಇರುತ್ತದೆ. ಪೊದೆ ಹಳೆಯದಾಗಿದ್ದರೆ ಬುಡದಲ್ಲಿ ಚಿನ್ನದ ಬಣ್ಣದ, ಮಾಗಿ ಕಪ್ಪುನೇರಳೆಗೆ ತಿರುಗಿದ ಪುಟ್ಟ ಕಾಯಿಗಳು ಉದುರಿ ಬಿದ್ದಿರುತ್ತವೆ. ಬೆಳಿಗ್ಗೆ ಕಸ ಗುಡಿಸುವವರು ಅವನ್ನು ಎತ್ತಿ ತಿಪ್ಪೆಗೆ ಸುರಿಯುತ್ತಾರೆ. ಅದೇ ಗಿಡದ ಸಸಿಗಳನ್ನು ಅದೇ ಕಚೇರಿಯವರು ಮುಂದಿನ ವರ್ಷ ದುಡ್ಡು ಕೊಟ್ಟು ತರಿಸುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಪೇಟೆಯಲ್ಲಿ ಬೇಕಾದರೂ ಈ ವಿಚಿತ್ರವನ್ನು ನೋಡಬಹುದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಅಲಂಕಾರದ ಪಾಮ್‌ಗಳಿಗೆ ಬೇಡಿಕೆ ಇದೆ. ತೋಟದ ಮನೆ ಕಟ್ಟಿದವರಿಗೆ ಬೇಕು, ಬಡಾವಣೆ ಮಾಡುವವರಿಗೆ ಬೇಕು, ಹೆದ್ದಾರಿ ಬದಿಯ ಹೋಟೆಲಿಗೆ ಬೇಕು. ಅದರಲ್ಲೂ ಬಣ್ಣದ ಪಾಮ್ ಬೇಕು: ಕೆಂಪು ದಂಟಿನದು, ನೀಲಿ ಗರಿಯದು, ಹಳದಿ ಕಾಂಡದ್ದು. ಮಾಲು ಬಹುಪಾಲು ಹೊರಗಿನಿಂದ ಬರುತ್ತದೆ. ರಾಜಮಹೇಂದ್ರವರಂ ಪಕ್ಕದ ಕಡಿಯಂ ಸುತ್ತಿನ ನರ್ಸರಿಗಳು ದಕ್ಷಿಣ ಭಾರತಕ್ಕೆಲ್ಲ ಸಸಿ ಹಂಚುತ್ತವೆ. ಗೋದಾವರಿ ಬಯಲಿನ ಆ ತೇವದಲ್ಲಿ ಬೆಳೆದ ಗಿಡ ಲಾರಿಯಿಂದ ಇಳಿದು ಪಾವಗಡದ ಏಪ್ರಿಲ್ ಬಿಸಿಲಿಗೆ ಮುಖ ಕೊಟ್ಟರೆ ಏನಾಗುತ್ತದೆಂದು ಕೊಂಡವರಿಗೆ ಗೊತ್ತು. ಎರಡು ತಿಂಗಳಿಗೆ ಗರಿಯ ತುದಿ ಸುಡುತ್ತದೆ, ನಾಲ್ಕು ತಿಂಗಳಿಗೆ ಸುಳಿ ಒಣಗುತ್ತದೆ. ಸುಳಿ ಹೋದರೆ ಮುಗಿಯಿತು. ಮಾವಿನ ಗಿಡದಂತೆ ಪಕ್ಕದಲ್ಲಿ ಚಿಗುರಿಕೊಳ್ಳುವ ಚೈತನ್ಯ ಒಂಟಿ ಕಾಂಡದ ಪಾಮ್‌ಗೆ ಇಲ್ಲ. ಅದಕ್ಕಿರುವುದು ಒಂದೇ ಸುಳಿ.

ಈ ಸಸ್ಯಗಳಿಗೆ ಕಸಿ ಕಟ್ಟಲಾಗುವುದಿಲ್ಲ, ಕಡ್ಡಿ ನೆಟ್ಟು ಬೇರು ಬರಿಸಲಾಗುವುದಿಲ್ಲ. ಪೊದೆಯಾಗಿ ಬೆಳೆಯುವ ಕೆಲವನ್ನು ಬುಡದಿಂದ ಒಡೆದು ನೆಡಬಹುದು, ಅಷ್ಟೇ. ಉಳಿದದ್ದಕ್ಕೆಲ್ಲ ಬೀಜವೇ ಗತಿ. ಹಾಗಾಗಿ ನಮ್ಮ ಮಣ್ಣು, ನಮ್ಮ ಬಿಸಿಲಿನಲ್ಲಿ ಬದುಕಿ ಕಾಯಿ ಕಟ್ಟಿದ ಮರದಿಂದ ಬೀಜ ಆಯ್ದು ಇಲ್ಲೇ ಸಸಿ ಮಾಡುವುದು ಬುದ್ಧಿವಂತರ ದಾರಿ. ಆದರೆ ಯಾವ ಬೀಜ? ಪ್ರಪಂಚದಲ್ಲಿ ಸುಮಾರು 2,600 ಬಗೆಯ ಪಾಮ್‌ಗಳಿವೆ. ಅವುಗಳಲ್ಲಿ ಬರದ ಸೀಮೆಗೆ ಒಗ್ಗುವುದು ಯಾವುದು ಎನ್ನುವುದನ್ನು ಗಿಡವೇ ಹೇಳಿಬಿಡುತ್ತದೆ ಎಂಬುದು ನನ್ನ ವಾದ. ಅದು ಮೂರು ಕಡೆ ಹೇಳುತ್ತದೆ: ಗರಿಯ ಬಣ್ಣದಲ್ಲಿ, ಬೀಜದ ಆಯುಷ್ಯದಲ್ಲಿ, ಮೊಳಕೆ ಇಳಿಯುವ ಆಳದಲ್ಲಿ.

ಅದಕ್ಕೆ ಮೊದಲು ಶಿರಾದ ಒಂದು ಹಳೆಯ ಮಾತು. ಈ ಒಣ ಸೀಮೆಗೆ ತೋಟಗಾರಿಕೆ ಹೊಸದೇನಲ್ಲ. 1687ರಲ್ಲಿ ಮೊಗಲರು ದಕ್ಷಿಣಕ್ಕೆ ಬಂದಾಗ ಶಿರಾ ಒಂದು ಸುಬೆಯ ರಾಜಧಾನಿಯಾಯಿತು. ಅಲ್ಲಿನ ಸುಬೇದಾರರಲ್ಲಿ ಹೆಸರಾದ ದಿಲಾವರ್ ಖಾನ್ ಅರಮನೆ ಕಟ್ಟಿಸಿದ. ಖಾನ್ ಬಾಗ್ ಎಂಬ ತೋಟವೂ ಅಲ್ಲಿತ್ತು. ಬೆಂಗಳೂರಿನಲ್ಲಿ 1760ರಲ್ಲಿ ಹೈದರ್ ಅಲಿ ಶುರು ಮಾಡಿದ ಲಾಲ್‌ಬಾಗ್‌ಗೆ ಶಿರಾದ ತೋಟವೇ ಮಾದರಿಯಾಗಿರಬೇಕು ಎಂದು ಹಳೆಯ ಗೆಜೆಟಿಯರುಗಳು ಬರೆದಿವೆ. ಟಿಪ್ಪುವಿನ ಕಾಲಕ್ಕೆ ಶಿರಾದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಎಬ್ಬಿಸಿಕೊಂಡು ಹೋದರು. ಊರೂ ಹೋಯಿತು, ತೋಟವೂ ಹೋಯಿತು. ಲಾಲ್‌ಬಾಗ್ ಮಾತ್ರ ಬೆಳೆಯಿತು. 1908ರಲ್ಲಿ ಅದರ ಉಸ್ತುವಾರಿಗೆ ಬಂದ ಜರ್ಮನಿಯ ಕ್ರುಂಬಿಗಲ್, ಮುಂದೆ ತೋಟಗಾರಿಕೆ ಇಲಾಖೆ ಕಟ್ಟಿದ ಡಾ. ಎಂ.ಎಚ್. ಮರಿಗೌಡ, ಇವರೆಲ್ಲ ಹೊರದೇಶದ ಸಸ್ಯಗಳನ್ನು ನಾಡಿನೊಳಗೆ ಹರಡಿದವರು. ಇವತ್ತು ಲಾಲ್‌ಬಾಗ್‌ನಲ್ಲಿ ಗಿಡ ಕೊಂಡು ಶಿರಾಕ್ಕೆ ಒಯ್ಯುವವರು ಶಿರಾದ ಋಣವನ್ನೇ ಶಿರಾಕ್ಕೆ ವಾಪಸು ತರುತ್ತಿದ್ದಾರೆ ಎಂದುಕೊಳ್ಳಬಹುದು.

ಬಣ್ಣದ ಲೆಕ್ಕ

ನರ್ಸರಿಗೆ ಹೋದವರ ಕಣ್ಣು ಮೊದಲು ನೆಡುವುದು ಕೆಂಪು ಪಾಮ್ ಮೇಲೆ. ಅರಗಿನ ಬಣ್ಣದ ದಂಟು, ಅರಗಿನ ಬಣ್ಣದ ಹಾಳೆ, ಮೇಲೆ ಹಚ್ಚಹಸಿರು ಗರಿ. ಸೀಲಿಂಗ್ ವ್ಯಾಕ್ಸ್ ಪಾಮ್ ಎಂದು ಹೆಸರು, ಸಸ್ಯಶಾಸ್ತ್ರದಲ್ಲಿ ಸಿರ್ಟೋಸ್ಟಾಕಿಸ್ ರೆಂಡಾ. ಅದರ ತವರು ಮಲೇಷ್ಯಾ, ಸುಮಾತ್ರಾ, ಬೋರ್ನಿಯೊಗಳ ಜೌಗು ಕಾಡು. ವರ್ಷವಿಡೀ ಮಳೆ, ಬುಡದಲ್ಲಿ ನಿಂತ ನೀರು, ಗಾಳಿಯಲ್ಲಿ ಸದಾ ತೇವ. ಪಾವಗಡದಲ್ಲಾಗಲಿ ಶಿರಾದಲ್ಲಾಗಲಿ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಒಳ್ಳೆಯ ವರ್ಷವೆಂದೇ ಅರ್ಥ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದವರು ಕೆಂಪು ಪಾಮ್ ಮೇಲೆ ದುಡ್ಡು ಹಾಕುವುದಿಲ್ಲ. ನ್ಯೂ ಕ್ಯಾಲೆಡೋನಿಯಾದ ಚಾಂಬೆರೋನಿಯಾ ಎಂಬ ಇನ್ನೊಂದು ಪಾಮ್ ಇದೆ. ಹೊಸ ಗರಿ ಬಿಚ್ಚಿದಾಗ ಹತ್ತು ದಿನದ ಮಟ್ಟಿಗೆ ಕಡುಕೆಂಪಾಗಿದ್ದು ಆಮೇಲೆ ಹಸಿರಾಗುತ್ತದೆ. ಮಾವು, ಅರಳಿಯ ಎಳೆ ಚಿಗುರಿನ ಕೆಂಪೂ ಇಂಥದ್ದೇ, ಎಳೆಯ ಎಲೆಗೆ ಬಿಸಿಲು ತಾಗದಂತೆ ಅಡ್ಡ ಹಿಡಿದ ಪರದೆ ಎಂದು ಸಸ್ಯಶಾಸ್ತ್ರಜ್ಞರು ವಿವರಿಸುತ್ತಾರೆ. ಚಾಂಬೆರೋನಿಯಾ ಕೂಡ ಮಳೆಕಾಡಿನ ಮಗುವೇ.

ಇನ್ನು ನೀಲಿ. ಬಿಸ್ಮಾರ್ಕ್ ಪಾಮ್ ನೋಡಿದವರು ಮರೆಯುವುದಿಲ್ಲ. ಬೀಸಣಿಗೆಯಾಕಾರದ ದೊಡ್ಡ ಗರಿ, ಬೂದಿ ಬಳಿದ ಹಾಗೆ ಬೆಳ್ಳಿನೀಲಿ. ಮಡಗಾಸ್ಕರ್ ದ್ವೀಪದ ಪಶ್ಚಿಮ ಮತ್ತು ಉತ್ತರದ ಹುಲ್ಲುಗಾವಲು ಅದರ ತವರು. ಅಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲ, ಮೇಲಿಂದ ಮೇಲೆ ಹುಲ್ಲಿಗೆ ಬೆಂಕಿ ಬೀಳುತ್ತದೆ. ಬೇರೆ ಮರಗಳು ಸುಟ್ಟುಹೋದ ಮೇಲೂ ಇದು ನಿಂತಿರುತ್ತದೆ. ಆ ಬೆಳ್ಳಿಬಣ್ಣ ಎಲೆಯೊಳಗಿನದಲ್ಲ, ಎಲೆಯ ಮೇಲಿನ ಮೇಣ. ಬೆರಳಿನಿಂದ ಉಜ್ಜಿದರೆ ಅಳಿಸುತ್ತದೆ. ಮೇಣ ಬೆಳಕನ್ನು ಹಿಂದಕ್ಕೆ ಎರಚುತ್ತದೆ, ಎಲೆಯ ನೀರು ಆವಿಯಾಗದಂತೆ ಹಿಡಿದಿಡುತ್ತದೆ. ಮೆಕ್ಸಿಕೊದ ಬಾಜಾ ಕ್ಯಾಲಿಫೋರ್ನಿಯಾ ಮರುಭೂಮಿಯ ನೀಲಿ ಪಾಮ್, ಮೊರಾಕೊದ ಅಟ್ಲಾಸ್ ಬೆಟ್ಟಗಳ ಬೆಳ್ಳಿ ಪಾಮ್, ಬಲೂಚಿಸ್ತಾನದ ಕಲ್ಲುಗುಡ್ಡಗಳ ಮಜ್ರಿ ಪಾಮ್, ಎಲ್ಲವೂ ಇದೇ ಬೂದಿನೀಲಿ. ಎಲ್ಲವೂ ನೀರಿಲ್ಲದ ಊರಿನವು. ನಮ್ಮ ಕೆರೆ ಏರಿಗಳ ಈಚಲು ಮರವನ್ನು ತಲೆಯೆತ್ತಿ ನೋಡಿ. ತೆಂಗಿನ ಗರಿಯ ಹಸಿರು ಅದಕ್ಕಿಲ್ಲ, ಅದೂ ನೀಲಿ ಬೆರೆತ ಬೂದು.

ಕೆಂಪೆಲ್ಲ ಜೌಗಿನದು, ನೀಲಿಯೆಲ್ಲ ಬಯಲಿನದು ಎಂದು ಗೆರೆ ಎಳೆಯಲು ಬರುವುದಿಲ್ಲ. ಅಪವಾದವೂ ಇದೆ, ಅದು ಸೊಗಸಾಗಿಯೂ ಇದೆ. ಹಿಂದೂ ಮಹಾಸಾಗರದ ಮೂರು ದ್ವೀಪಗಳಲ್ಲಿ ಲಟಾನಿಯಾ ಎಂಬ ಬೀಸಣಿಗೆ ಪಾಮ್‌ನ ಮೂರು ಬಗೆಗಳಿವೆ. ರಿಯೂನಿಯನ್‌ನದು ಕೆಂಪು, ಮಾರಿಷಸ್‌ನದು ನೀಲಿ, ರೋಡ್ರಿಗ್ಸ್‌ನದು ಹಳದಿ. ಈ ಬಣ್ಣಗಳು ಎದ್ದು ಕಾಣುವುದು ಎಳೆತನದಲ್ಲಿ. ಸಸಿಯ ದಂಟಿನಲ್ಲಿ, ಗರಿಯ ಅಂಚಿನಲ್ಲಿ ಢಾಳಾಗಿ ಕಾಣುವ ಕೆಂಪು, ಹಳದಿಗಳು ಮರ ದೊಡ್ಡದಾದಂತೆ ಮಾಸುತ್ತವೆ. ದೊಡ್ಡ ಮರಗಳನ್ನು ಗರಿ ನೋಡಿ ಗುರುತಿಸುವುದು ಕಷ್ಟ, ಬೀಜದ ಮೇಲಿನ ಕೆತ್ತನೆ ನೋಡಿಯೇ ಹೇಳಬೇಕು. ಕೆಂಪು ಲಟಾನಿಯಾ ಕಡಲ ದಂಡೆಯ ಬಿಸಿಲು ಗಾಳಿ ತಾಳುವ ಗಿಡ, ಅದರ ಕೆಂಪಿಗೆ ಜೌಗು ಬೇಕಾಗಿಲ್ಲ. ಸಸಿ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಪಾಮ್ ಸಿಗಲಾರದು, ಏಕೆಂದರೆ ಮಾರುವ ವಯಸ್ಸಿನಲ್ಲೇ ಅದು ಅತಿ ಚೆಂದ. ಕೊಳ್ಳುವವರಿಗೆ ಮಾತ್ರ ಈ ಬಣ್ಣ ಎಷ್ಟು ಕಾಲದ್ದು ಎಂದು ಮೊದಲೇ ಹೇಳಿ ಮಾರುವುದು ಮರ್ಯಾದೆ. ಮೂರೂ ಬಗೆ ತಮ್ಮ ದ್ವೀಪಗಳಲ್ಲಿ ಅಳಿವಿನಂಚಿನಲ್ಲಿವೆ. ತೋಟದಲ್ಲಿ ಹತ್ತಿರ ಹತ್ತಿರ ಬೆಳೆಸಿದರೆ ಒಂದಕ್ಕೊಂದು ಬೆರೆತು ಬೆರಕೆ ಬೀಜವಾಗುತ್ತದೆ.

ಬೀಜ ಬಾಳುವಷ್ಟು ದಿನ

ಎರಡನೆಯ ಸುಳಿವು ಬೀಜದಲ್ಲಿದೆ. ಮಳೆಕಾಡಿನ ಪಾಮ್‌ಗಳ ಬೀಜಕ್ಕೆ ಒಣಗಿ ಕಾಯುವ ಅಭ್ಯಾಸವಿಲ್ಲ. ಬಿದ್ದಲ್ಲಿ ನೀರು ಇದ್ದೇ ಇರುತ್ತದೆ, ಕಾಯುವುದೇಕೆ? ಅರೆಕಾ ಪಾಮ್ ಬೀಜವನ್ನೇ ಆಗಲಿ ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಟ್ಟರೆ ಕೆಲವು ವಾರಗಳಲ್ಲಿ ಸತ್ತಿರುತ್ತದೆ, ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಅಂಚೆಯಲ್ಲಿ ತರಿಸಿದ ‘ಬಣ್ಣದ ಪಾಮ್ ಬೀಜ’ದ ಪೊಟ್ಟಣಗಳಲ್ಲಿ ಬಹಳಷ್ಟು ಮೊಳೆಯುವುದೇ ಇಲ್ಲ. ಮೋಸವಿಲ್ಲದಿದ್ದರೂ ದಾರಿಯಲ್ಲೇ ಬೀಜದ ಕಾಲ ಮುಗಿದಿರುತ್ತದೆ.

ಒಣನಾಡಿನ ಪಾಮ್‌ಗಳ ಕಥೆ ಬೇರೆ. ಇಸ್ರೇಲಿನ ಮಸಾಡಾ ಕೋಟೆಯ ಅಗೆತದಲ್ಲಿ 1960ರ ದಶಕದಲ್ಲಿ ಸಿಕ್ಕಿದ್ದ ಖರ್ಜೂರದ ಬೀಜಗಳಲ್ಲಿ ಒಂದನ್ನು 2005ರಲ್ಲಿ ಬಿತ್ತಿದರು. ಸುಮಾರು 2,000 ವರ್ಷದ ಬೀಜ ಮೊಳೆತು ಮರವಾಯಿತು. ಅದಕ್ಕೆ ಮೆಥುಸೆಲಾ ಎಂದು ಹೆಸರಿಟ್ಟರು. ನಮ್ಮ ಈಚಲು ಆ ಖರ್ಜೂರದ ಹತ್ತಿರದ ಬಂಧು. ಈಚಲ ಬೀಜಕ್ಕೆ ಎರಡು ಸಾವಿರ ವರ್ಷ ಯಾರೂ ಕೇಳುವುದಿಲ್ಲ, ಆದರೆ ಒಣಗಿಸಿ ಮಡಕೆಯಲ್ಲಿಟ್ಟು ಮುಂದಿನ ಮಳೆಗಾಲಕ್ಕೆ ಬಿತ್ತಿದರೆ ಮುನಿಸಿಕೊಳ್ಳದು.

ಆಯುವಾಗ ನೋಡಬೇಕಾದ ಇನ್ನೊಂದು ವಿಷಯ ಮರದ ಲಿಂಗ. ಈಚಲು, ತಾಳೆ, ಬಿಸ್ಮಾರ್ಕ್, ಲಟಾನಿಯಾಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಯಾವುದೋ ರೆಸಾರ್ಟಿನ ಮುಂದೆ ಒಂಟಿಯಾಗಿ ನಿಂತ ಹೆಣ್ಣು ಬಿಸ್ಮಾರ್ಕ್ ಕಾಯಿ ಕಟ್ಟಿದಂತೆ ಕಂಡರೂ ಒಳಗೆ ಜೀವವಿರುವ ಬೀಜ ಇರಲಾರದು. ಒಂದು ಗೊನೆಯಿಂದ ನಾಲ್ಕು ಕಾಯಿ ಸೀಳಿ ನೋಡಿದರೆ ತಿಳಿಯುತ್ತದೆ: ತಿರುಳು ಗಟ್ಟಿಯಾಗಿ, ಬೆಳ್ಳಗಿರಬೇಕು, ಒಂದು ಮೂಲೆಯಲ್ಲಿ ಚುಕ್ಕೆಯಂಥ ಭ್ರೂಣ ಕಾಣಬೇಕು. ಮಲೆನಾಡಿನ ಬೈನೆ ಮರದ ಹಣ್ಣು ಸಿಕ್ಕರೆ ಬರಿಗೈಯಲ್ಲಿ ಹಿಸುಕಬೇಡಿ. ಅದರ ತಿರುಳಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಕೈ ತುರಿಸಿಕೊಂಡು ಸಾಕಾಗುತ್ತದೆ. ಉಳಿದ ಹಣ್ಣುಗಳನ್ನೂ ಎರಡು ಮೂರು ದಿನ ನೀರಿನಲ್ಲಿ ನೆನೆಸಿ ತಿರುಳು ಪೂರ್ತಿ ತೆಗೆಯಬೇಕು. ತಿರುಳು ಅಂಟಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಇರುವೆಯೂ ಮುತ್ತುತ್ತದೆ.

ಬೀಜ ಆಯುವುದಕ್ಕೂ ಒಂದು ಮಿತಿ ಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮೆಲ್ವಿಲ್ ಬೆಟ್ಟಗಳ ಬಂಡೆಗಳ ನಡುವೆ ಮಾತ್ರ ಬೆಳೆಯುತ್ತಿದ್ದ ಫಾಕ್ಸ್‌ಟೇಲ್ ಪಾಮ್‌ಗೆ ವಿಜ್ಞಾನಿಗಳು ಹೆಸರಿಟ್ಟದ್ದು 1983ರಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ ಅದರ ಕೇಸರಿಗೆಂಪು ಕಾಯಿಗಳಿಗಾಗಿ ಕಳ್ಳರು ರಾಷ್ಟ್ರೀಯ ಉದ್ಯಾನಕ್ಕೇ ನುಗ್ಗುವಂತಾಯಿತು. ಈಗ ಅದು ನಮ್ಮ ಬಡಾವಣೆಗಳ ರಸ್ತೆ ಬದಿಗೂ ಬಂದಿದೆ. ಕಾಡಿನ ಬೀಜ ಕಾಡಿಗೆ ಬಿಡಬೇಕು, ಊರೊಳಗೆ ಉದುರಿದ್ದೇ ನಮಗೆ ಬೇಕಾದಷ್ಟಿದೆ.

ಮೊಳಕೆ ಕೆಳಗೆ ಹೋಗುವ ಜಾತಿ

ಪಾಮ್ ಬೀಜ ಮೊಳೆಯಲು ಬಿಸಿ ಬೇಕು. 29ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೇಳಿಮಾಡಿಸಿದ ಹಾಗೆ. ಯೂರೋಪಿನ ಹವ್ಯಾಸಿಗಳು ಇದಕ್ಕಾಗಿ ವಿದ್ಯುತ್ತಿನ ಹಾಸು ಕೊಳ್ಳುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಈ ಬಿಸಿ ಬಿಟ್ಟಿ. ನೆರಳಿನಲ್ಲಿಡಬೇಕು, ತಗಡಿನ ಮೇಲಿಟ್ಟರೆ ಬೆಂದುಹೋಗುತ್ತದೆ. ತೊಳೆದ ಬೀಜವನ್ನು ಹಿಂಡಿದರೆ ನೀರು ಹನಿಯದಷ್ಟು ತೇವದ ಕೊಕೊಪೀಟ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ವಾರಕ್ಕೊಮ್ಮೆ ಬಿಚ್ಚಿ ನೋಡುವುದು ಸುಲಭದ ಉಪಾಯ. ಅರೆಕಾ ಪಾಮ್ ಒಂದೆರಡು ತಿಂಗಳಿಗೆ ಮೊಳೆಯುತ್ತದೆ, ಫಾಕ್ಸ್‌ಟೇಲ್ ಮನಸ್ಸು ಬಂದಾಗ.

ಮೂರನೆಯ ಸುಳಿವು ಇಲ್ಲಿ ಸಿಗುತ್ತದೆ. ತೆಂಗು, ಅಡಿಕೆ, ಫಾಕ್ಸ್‌ಟೇಲ್‌ಗಳಲ್ಲಿ ಮೊಳಕೆ ಬೀಜದ ಪಕ್ಕದಲ್ಲೇ ಮೇಲೇಳುತ್ತದೆ. ಈಚಲು, ತಾಳೆ, ಬಿಸ್ಮಾರ್ಕ್‌ಗಳಲ್ಲಿ ಹಾಗಲ್ಲ. ಬೀಜದಿಂದ ಮೊದಲು ಬೆರಳಿನಂಥ ಕೊಳವೆಯೊಂದು ನೆಲದೊಳಗೆ ಇಳಿಯುತ್ತದೆ. ಸಾಕಷ್ಟು ಆಳಕ್ಕೆ ಹೋದ ಮೇಲೆ ಅದರ ತುದಿಯಲ್ಲಿ ಬೇರು ಕೆಳಕ್ಕೆ, ಎಲೆ ಮೇಲಕ್ಕೆ ಹೊರಡುತ್ತವೆ. ಅಂದರೆ ಬೀಜ ಬಿದ್ದದ್ದು ಒಂದು ಕಡೆ, ಗಿಡ ಹುಟ್ಟಿದ್ದು ಅದರ ಕೆಳಗೆ. ಮೇಲ್ಮಣ್ಣು ಕಾದರೂ, ಹುಲ್ಲಿಗೆ ಬೆಂಕಿ ಬಿದ್ದರೂ, ಕುರಿ ತುಳಿದರೂ ಒಳಗಿನ ಸುಳಿ ಉಳಿಯುತ್ತದೆ. ತಾಳೆಯ ಈ ಎಳೆಯ ಗೆಡ್ಡೆಯನ್ನೇ ಗಡಿಯಾಚೆಯ ತೆಲುಗರು ತೇಗಲು ಎಂದು ಬೇಯಿಸಿ ತಿನ್ನುತ್ತಾರೆ. ಬಯಲುಸೀಮೆಗೆಂದೇ ರೂಪುಗೊಂಡ ಹುಟ್ಟು ಇದು.

ಇದನ್ನು ತಿಳಿಯದೆ ಬಿಸ್ಮಾರ್ಕ್ ಬೀಜವನ್ನು ಅಗಲವಾದ ತಟ್ಟೆಯಲ್ಲಿ ಬಿತ್ತಿದವರ ಸಸಿಗಳು ತಳಕ್ಕೆ ತಗುಲಿ ಸುರುಳಿ ಸುತ್ತಿಕೊಳ್ಳುತ್ತವೆ. ಉದ್ದನೆಯ ಪಾಲಿಥೀನ್ ಚೀಲ ಬೇಕು, ಒಂದು ಚೀಲಕ್ಕೆ ಒಂದೇ ಬೀಜ. ಬಿಸ್ಮಾರ್ಕ್‌ಗೆ ಬೇರು ಕದಲಿಸಿದರೆ ಆಗಿಬರುವುದಿಲ್ಲ. ಚಿಕ್ಕದರಲ್ಲೇ ಹೊಲಕ್ಕೆ ಇಳಿಸಿಬಿಡುವುದು ಲೇಸು. ಎಳೆಯ ಸಸಿ ನೀಲಿಯಾಗಿ ಕಾಣದೆ ದ್ರಾಕ್ಷಿರಸ ಬಳಿದಂತೆ ನೇರಳೆಗೆಂಪಾಗಿದ್ದರೆ ಗಾಬರಿಯಾಗಬೇಡಿ. ಅದರ ಬಾಲ್ಯದ ಬಣ್ಣ ಅದು, ಬೆಳ್ಳಿ ಆಮೇಲೆ ಏರುತ್ತದೆ. ಹಸಿರಾಗಿಯೇ ಉಳಿಯುವ ಬಗೆಯೂ ಇದೆ, ಅದನ್ನು ನೀಲಿಯ ಬೆಲೆಗೆ ಮಾರಬಾರದು.

ಸಸಿ ಮಡಿಯ ಮಣ್ಣಿಗೆ ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಕೆರೆಗೋಡು ಹಾಕುವುದಾದರೆ ಕಡಿಮೆ, ಹೆಚ್ಚಾದರೆ ನೀರು ಬಸಿಯುವುದಿಲ್ಲ. ತೊಂದರೆ ಇರುವುದು ನೀರಿನಲ್ಲಿ. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಜನರ ಹಲ್ಲು ಮೂಳೆಗಳಿಗೆ ಮಾಡಿದ್ದು ನಾಡಿಗೇ ಗೊತ್ತಿದೆ. ಅದು ಅರೆಕಾ ಪಾಮ್‌ಗೂ ಆಗದು, ಗರಿಯ ತುದಿ ಕಂದುಗಟ್ಟಿ ಒಣಗುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುವುದರಿಂದ ಗೊಬ್ಬರ ಹಾಕಿ ಸರಿಪಡಿಸಲು ಹೊರಟವರು ಕಾಯಿಲೆಯನ್ನು ಹೆಚ್ಚಿಸುತ್ತಾರೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಮ್ಯಾಂಗನೀಸ್ ಸಿಗದೆ ಹೊಸ ಗರಿಗಳು ಸುಟ್ಟು ಮುದುಡಿದಂತೆ ಹೊರಡುವುದೂ ಉಂಟು. ಛಾವಣಿಯ ಮಳೆನೀರು ಹಿಡಿದಿಟ್ಟು ಎಳೆಯ ಸಸಿಗಳಿಗೆ ಅದನ್ನೇ ಕೊಡುವುದು ಉತ್ತಮ. ನೀಲಿ ಪಾಮ್‌ಗಳಿಗೆ ಗಡಸು ನೀರನ್ನು ಮೇಲಿನಿಂದ ಚಿಮುಕಿಸಬೇಡಿ, ಉಪ್ಪಿನ ಕಲೆ ಕೂತು ಬೆಳ್ಳಿ ಹಾಳಾಗುತ್ತದೆ.

ಕೊರಟಗೆರೆಯ ಕಡೆಗೆ ಬಂದರೆ ಸ್ವಲ್ಪ ಹಗುರ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹರಿಯುವ ಸಾಲು, ಸಿದ್ಧರಬೆಟ್ಟದ ತಪ್ಪಲು, ಇಲ್ಲಿ ಶೇಡ್‌ನೆಟ್ ಕೆಳಗೆ ಹಳದಿ ಅರೆಕಾ, ಫಾಕ್ಸ್‌ಟೇಲ್, ಬಾಟಲ್ ಪಾಮ್‌ಗಳ ಸಸಿ ಮಾಡಿ ಶಿರಾ, ಪಾವಗಡದ ಪೇಟೆಗೆ ಕಳಿಸಬಹುದು. ಲಾರಿ ಗೋದಾವರಿಯಿಂದ ಬರುವ ಬದಲು ಪಕ್ಕದ ತಾಲ್ಲೂಕಿನಿಂದ ಬಂದರೆ ಗಿಡಕ್ಕೂ ಆಘಾತ ಕಡಿಮೆ. ದೂರದ ಸಸಿಯ ಜೊತೆ ಕೀಟವೂ ಬರುತ್ತದೆ ಎನ್ನುವುದನ್ನು ತೆಂಗು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2016ರಲ್ಲಿ ಪೊಳ್ಳಾಚಿ ಸುತ್ತ ಮೊದಲು ಕಂಡ ರುಗೋಸ್ ಸುರುಳಿ ಬಿಳಿನೊಣ ಕೆಲವೇ ವರ್ಷಗಳಲ್ಲಿ ನಮ್ಮ ತೆಂಗಿನ ಗರಿಗಳಿಗೆ ಕಪ್ಪು ಮಸಿ ಬಳಿಯಿತು. ಅದಕ್ಕೆ ಅಲಂಕಾರದ ಪಾಮ್‌ಗಳೂ ಊಟವೇ. ಸಸಿ ತಂದವರು ಎಲೆಯ ಅಡಿ ತಿರುಗಿಸಿ ನೋಡಿ, ಬಿಳಿ ಮೇಣದ ಸುರುಳಿ ಇದ್ದರೆ ತೆಂಗಿನ ತೋಟದ ಹತ್ತಿರಕ್ಕೂ ಬಿಡಬಾರದು.

ತೆಂಗಿನ ಸಸಿಯ ದಂಟು ನೋಡಿ

ಬಣ್ಣದ ಸಸಿಗಳೆಂದ ಮೇಲೆ ತೆಂಗನ್ನು ಬಿಡುವಂತಿಲ್ಲ. ಇಲ್ಲಿ ಬಣ್ಣ ಅಲಂಕಾರವಲ್ಲ, ಪುರಾವೆ. ಕೇಸರಿ ಬಣ್ಣದ ಎಳನೀರಿನ ಗಿಡ್ಡ ತೆಂಗು ಎಲ್ಲರಿಗೂ ಗೊತ್ತು. ಕರಾವಳಿಯವರು ಗೆಂದಾಳಿ ಎನ್ನುತ್ತಾರೆ. ಇಂಥ ಗಿಡ್ಡ ತಳಿಗೂ ಎತ್ತರ ತಳಿಗೂ ಕೂಡಿಸಿ ಮಿಶ್ರತಳಿ ಮಾಡುವ ಕೆಲಸ ಪ್ರಪಂಚದಲ್ಲೇ ಮೊದಲು ಆದದ್ದು 1932ರಲ್ಲಿ, ಈಗಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ. 1916ರಲ್ಲಿ ಶುರುವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಆ ಸಂಸ್ಥೆ ಕೊಟ್ಟ ಮಿಶ್ರತಳಿಗಳಲ್ಲಿ ಕಲ್ಪಶ್ರೇಷ್ಠ ನಮಗೆ ಹತ್ತಿರದ್ದು. ಅದರ ತಾಯಿ ಮಲಯನ್ ಹಳದಿ ಗಿಡ್ಡ, ತಂದೆ ನಮ್ಮ ತಿಪಟೂರು ಎತ್ತರ ತಳಿ.

ಹಳದಿ ಅಥವಾ ಕೇಸರಿ ಗಿಡ್ಡ ತಾಯಿಮರದ ಹೂವಿಗೆ ಎತ್ತರ ತಳಿಯ ಪರಾಗ ಸೋಂಕಿಸಿ ಪಡೆದ ಕಾಯಿಯನ್ನು ಬಿತ್ತುತ್ತಾರೆ. ಮೊಳೆತ ಸಸಿಯ ಗರಿದಂಟು ತಾಯಿಯಂತೆಯೇ ಹಳದಿ, ಕೇಸರಿಯಾಗಿದ್ದರೆ ಅದು ಮಿಶ್ರತಳಿಯಲ್ಲ, ತಾಯಿಮರ ತನ್ನ ಪರಾಗದಲ್ಲೇ ಕಟ್ಟಿದ ಕಾಯಿ. ದಂಟು ಹಸಿರು ಅಥವಾ ಕಂಚುಗಂದು ಬಣ್ಣಕ್ಕೆ ತಿರುಗಿದ್ದರೆ ತಂದೆಯ ಗುಣ ಬಂದಿದೆ ಎಂದು ಅರ್ಥ. ಮಡಿಯಲ್ಲಿ ಸಾಲಾಗಿ ನಿಂತ ಸಸಿಗಳನ್ನು ಬಣ್ಣ ನೋಡಿಯೇ ಬೇರ್ಪಡಿಸುತ್ತಾರೆ. ಚೆಂದದ ಹೊಳೆಯುವ ಸಸಿಯನ್ನು ತೆಗೆದುಹಾಕಿ ಮಂಕು ಕಂದು ಬಣ್ಣದ್ದನ್ನು ಇಟ್ಟುಕೊಳ್ಳುವ ನರ್ಸರಿ ಇದೊಂದೇ ಇರಬೇಕು. ಮಿಶ್ರತಳಿ ಎಂದು ಹೇಳಿ ಅಚ್ಚ ಕೇಸರಿ ದಂಟಿನ ಸಸಿ ಕೊಡುವವರನ್ನು ಒಂದು ಮಾತು ಕೇಳಿಯೇ ಕೊಳ್ಳಬೇಕು. ಎಳನೀರಿಗೆ ಗಿಡ್ಡ ತಳಿಯೇ ಬೇಕಾದರೆ ಆ ಕೇಸರಿ ಸಸಿ ಸರಿಯಾದದ್ದೇ, ಅದರ ಬೆಲೆ ಮಾತ್ರ ಬೇರೆ. ತಾಯಿ ಹಸಿರು ಗಿಡ್ಡ ತಳಿಯಾದರೆ ಈ ಪರೀಕ್ಷೆ ನಡೆಯದು.

ಬಿತ್ತನೆಕಾಯಿ 11, 12 ತಿಂಗಳು ಬಲಿತಿರಬೇಕು, ಅಲುಗಿಸಿದರೆ ನೀರು ಕುಲುಕಬೇಕು. ಆರು ತಿಂಗಳಾದರೂ ಮೊಳೆಯದ ಕಾಯಿಗೆ ಕಾಯಬಾರದು, ಹಿಂದುಳಿದು ಮೊಳೆತದ್ದು ಫಸಲಿನಲ್ಲೂ ಹಿಂದೆಯೇ. ಅಡಿಕೆಯಲ್ಲಿ ಇದಕ್ಕಿಂತ ಸ್ವಾರಸ್ಯದ ಪರೀಕ್ಷೆಯಿದೆ: ಹಣ್ಣಾದ ಗೋಟನ್ನು ನೀರಿಗೆ ಹಾಕಿದರೆ ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ಆರಿಸಬೇಕು, ಅದರ ಸಸಿ ಜೋರು. ಬಿತ್ತುವಾಗಲೂ ತೊಟ್ಟು ಮೇಲೆ. ಅಡಿಕೆಯ ಗಿಡ್ಡ ತಳಿಯೊಂದು ಸಿಕ್ಕಿದ್ದೇ ನಮ್ಮ ತುಮಕೂರಿನ ಹಿರೇಹಳ್ಳಿಯಲ್ಲಿ. ಹಿರೇಹಳ್ಳಿ ಗಿಡ್ಡ ಎಂದೇ ಹೆಸರಾದ ಅದನ್ನು ಕಾಸರಗೋಡು ಸಂಸ್ಥೆಯ ವಿಟ್ಲ ಕೇಂದ್ರದ ವಿಜ್ಞಾನಿಗಳು ತಾಯಿಯಾಗಿಸಿ ಸುಮಂಗಳ, ಮೋಹಿತ್‌ನಗರ ತಳಿಗಳ ಜೊತೆ ಕೂಡಿಸಿದರು. ಇಷ್ಟಾಗಿಯೂ ಮಧುಗಿರಿ, ಶಿರಾ ಕಡೆ ಸಾವಿರ ಅಡಿಯ ಕೊಳವೆಬಾವಿ ನಂಬಿ ಅಡಿಕೆ ಹಾಕುವುದು ನನಗೆ ಸಮಾಧಾನ ತರುವ ಕೆಲಸವಲ್ಲ. ಅಡಿಕೆಯೂ ನೀರು ಬಯಸುವ ಬಳಗದ್ದೇ.

ಊರಿನ ಪಾಮ್

ಕೊನೆಗೆ ಈಚಲು. ಅಮೆರಿಕದ ಫ್ಲೋರಿಡಾದಲ್ಲಿ ಸಿಲ್ವೆಸ್ಟರ್ ಪಾಮ್ ಎಂದು ಹೆಸರಿಟ್ಟು ದೊಡ್ಡ ಹೋಟೆಲುಗಳ ಮುಂದೆ ನೆಡುವ ದುಬಾರಿ ಮರ ಇದೇ ಈಚಲು. ಬೆಂಗಳೂರಿನ ಬಡಾವಣೆಗಳ ಹೆಬ್ಬಾಗಿಲಿನಲ್ಲೂ ಯಾವುದೋ ಕೆರೆಯಂಗಳದಿಂದ ಬೇರುಸಮೇತ ಕಿತ್ತು ತಂದ ಈಚಲು ಮರಗಳು ಸಾಲಾಗಿ ನಿಂತಿವೆ. ನಾವು ಮಾತ್ರ ಅದನ್ನು ಪೊರಕೆಯ ಮರ ಎಂದು ನೋಡುತ್ತೇವೆ. ಸರ್ಕಾರದ ಈಚಲು ವನಗಳಿದ್ದ, ಈಡಿಗರು ಮರ ಕಟ್ಟುತ್ತಿದ್ದ ಕಾಲದಲ್ಲಿ ಅದಕ್ಕೊಂದು ಬೆಲೆ ಇತ್ತು. 2004ರಲ್ಲಿ ಸೇಂದಿ ನಿಂತ ಮೇಲೆ ಕಾಯುವವರೂ ಇಲ್ಲವಾದರು. ಈಗ ಅದರ ಬೀಜ ಹರಡುವವರೆಂದರೆ ಕರಡಿ, ಪುನುಗು ಬೆಕ್ಕುಗಳು. ಮಧುಗಿರಿ, ಕೊರಟಗೆರೆಯ ಕುರುಚಲು ಗುಡ್ಡಗಳ ಕರಡಿಗೆ ಈಚಲ ಹಣ್ಣೆಂದರೆ ಪ್ರಾಣ. ಹಣ್ಣಿನ ಕಾಲದಲ್ಲಿ ಅದರ ಮಲದ ತುಂಬ ಈಚಲ ಬೀಜವೇ. ಹಣ್ಣನ್ನು ನಾವು ಲೂಟಿ ಮಾಡಿದರೆ ಕರಡಿ ಊರಿನ ಹೊಲಕ್ಕೆ ಇಳಿಯುತ್ತದೆ. ಆದ್ದರಿಂದ ಗುಡ್ಡದ ಮರಗಳ ಗೊನೆ ಮುಟ್ಟಬೇಡಿ. ಕೆರೆ ಏರಿಯ, ಹೊಲದ ಬದುವಿನ ಮರಗಳ ಕೆಳಗೆ ಉದುರಿದ್ದು ಸಾಕು.

ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಈಚಲ ಹಣ್ಣು ಕೇಸರಿ ಬಣ್ಣಕ್ಕೆ ತಿರುಗಿ ಉದುರುತ್ತದೆ. ಒಂದು ಹಿಡಿ ಆಯ್ದು, ತೊಳೆದು, ಉದ್ದ ಚೀಲಗಳಿಗೆ ಹಾಕಿ. ಎರಡು ಬೇಸಿಗೆ ನೀರುಣಿಸಿದರೆ ಮೂರನೆಯದನ್ನು ಅದೇ ನೋಡಿಕೊಳ್ಳುತ್ತದೆ. ಹೊಲದ ಬದುವಿಗೆ ಈಚಲು, ತೋಟದ ಮನೆಯ ಮುಂದಿನ ಬಯಲಿಗೆ ಬಿಸ್ಮಾರ್ಕ್, ಶೇಡ್‌ನೆಟ್ ಕೆಳಗೆ ಹಳದಿ ಅರೆಕಾ. ನಾಲ್ಕು ತಾಲ್ಲೂಕಿಗೆ ಇಷ್ಟು ಬಣ್ಣ ಸಾಲುತ್ತದೆ. ಕೆಂಪು ಪಾಮ್ ಬೇಕೇಬೇಕು ಎನ್ನುವವರು ನಲ್ಲಿಯ ಪಕ್ಕದ ನೆರಳಿನಲ್ಲಿ ಒಂದು ಕುಂಡದಲ್ಲಿ ಇಟ್ಟುಕೊಳ್ಳಿ, ಹೊಲಕ್ಕೆ ತರಬೇಡಿ.